ಜಾಹೀರಾತಿನ ದರ, ಜೇಬಿನ ದರ

ನಂಜನಗೂಡಿನಿಂದ ಮೈಸೂರಿಗೆ ಹೊರಟ ಬಸ್ಸು ಕಡಕೊಳ ದಾಟಿದ ಮೇಲೆ ಮಂಡಕಳ್ಳಿ ವಿಮಾನ ನಿಲ್ದಾಣದ ಮುಂದೆ ಹಾದುಹೋಗುತ್ತದೆ. ತಿ. ನರಸೀಪುರದವರಿಗೂ ಅದು ದೂರವೇನಲ್ಲ. ಹಾಗಿದ್ದೂ ಈ ಎರಡು ತಾಲ್ಲೂಕುಗಳಿಂದ ವಿಮಾನ ಹತ್ತುವವರಲ್ಲಿ ಹೆಚ್ಚಿನವರು ಬೆಂಗಳೂರು ದಾಟಿ ದೇವನಹಳ್ಳಿಗೇ ಹೋಗಬೇಕು. ಪುಣೆಯಲ್ಲೋ ದೆಹಲಿಯಲ್ಲೋ ಕೆಲಸಕ್ಕಿರುವ ಮಗನ ಮನೆಗೆ ಹೊರಟ ತಂದೆತಾಯಿ, ಕಾಶಿಯಾತ್ರೆಗೆ ಗುಂಪು ಕಟ್ಟಿಕೊಂಡ ನೆರೆಹೊರೆಯವರು, ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಉತ್ತರದ ರಾಜ್ಯಗಳ ಕಾರ್ಮಿಕರು, ಗಲ್ಫ್ ದೇಶಗಳಿಗೆ ಹೋಗಿಬರುವವರು ಇವರಲ್ಲಿ ಸೇರಿದ್ದಾರೆ. ಷೋಕಿಗಾಗಿ ಇವರು ವಿಮಾನ ಹತ್ತುವುದಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕೂರಲಾಗದ ವಯಸ್ಸು, ಸಿಕ್ಕದ ರಜೆ, ಊರಿನಿಂದ ಬಂದ ಸಾವಿನ ಸುದ್ದಿ ಇವರನ್ನು ಹೊರಡಿಸುತ್ತವೆ. ಕೈಯಲ್ಲಿರುವ ದುಡ್ಡು ಎಣಿಸಿಕೊಂಡೇ ಹೊರಡುವ ಜನ ಇವರು.

ಇಂಥವರ ಮೊಬೈಲಿಗೆ ಬಂದು ಬೀಳುವುದು ‘999 ರೂಪಾಯಿಯಿಂದ ಆರಂಭ’ ಎನ್ನುವ ಬಗೆಯ ಜಾಹೀರಾತು. ಕೊನೆಗೆ ಖಾತೆಯಿಂದ ಕಡಿತವಾಗುವ ಮೊತ್ತವೇ ಬೇರೆ. ಈ ಅಂತರ ಎಲ್ಲಿ ಹುಟ್ಟುತ್ತದೆ, ಕಾನೂನು ಏನು ಹೇಳುತ್ತದೆ, ಕಾನೂನಿದ್ದೂ ಅಂತರ ಏಕೆ ಉಳಿದಿದೆ, ಏನು ಮಾಡಬಹುದು ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇದು. ಲಗೇಜಿಗೆ, ಊಟಕ್ಕೆ, ಬೇಕಾದ ಸೀಟಿಗೆ ಬೇರೆ ದುಡ್ಡು ಕೇಳುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಒಟ್ಟು ಎಷ್ಟು ಕೊಡಬೇಕೆಂಬುದನ್ನು ಮೊದಲು ಮುಚ್ಚಿಟ್ಟು, ಪ್ರಯಾಣಿಕನ ಮನಸ್ಸು ಗಟ್ಟಿಯಾದ ಮೇಲೆ ಒಂದೊಂದಾಗಿ ಬಿಚ್ಚುವುದು ತಪ್ಪು. ಕಿರಾಣಿ ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮುದ್ರಿಸಲೇಬೇಕೆಂದು ಕಾನೂನು ಇರುವ ದೇಶ ನಮ್ಮದು. ಐದು ರೂಪಾಯಿಯ ಪೊಟ್ಟಣಕ್ಕೆ ಇರುವ ಈ ಶಿಸ್ತು ಐದು ಸಾವಿರದ ಟಿಕೆಟ್ಟಿಗೂ ಬರಬೇಕು.

ಒಂದು ರೂಪಾಯಿಯ ಟಿಕೆಟ್ಟು

ಭಾರತದಲ್ಲಿ ಅಗ್ಗದ ವಿಮಾನಯಾನದ ಕಥೆ ಶುರುವಾಗುವುದು ಕರ್ನಾಟಕದಿಂದಲೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಂಗಳೂರನ್ನು ನೆಲೆ ಮಾಡಿಕೊಂಡು ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿತು. ಅದರ ಗುರುತಾಗಿ ಬಂದವನು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’. ಚೌಕಳಿ ಕೋಟಿನ ಆ ಮುದುಕ ವಿಮಾನ ಹತ್ತಬಹುದು ಎಂಬುದೇ ಆ ಸಂಸ್ಥೆಯ ಸಂದೇಶ. ಪುಕ್ಕಟೆ ಊಟ ಇಲ್ಲ, ಎಲ್ಲರಿಗೂ ಒಂದೇ ದರ್ಜೆ, ಇಂಟರ್‌ನೆಟ್‌ನಲ್ಲಿ ನೇರ ಮಾರಾಟ, ಬೇಗ ಕೊಂಡವರಿಗೆ ಕಡಿಮೆ ದರ. ಈ ಪದ್ಧತಿಯಿಂದ ಹುಬ್ಬಳ್ಳಿಯಂಥ ಊರುಗಳ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದರು. ಆ ಉಪಕಾರವನ್ನು ಮರೆಯುವಂತಿಲ್ಲ.

ಅದೇ ಸಂಸ್ಥೆ ದೇಶಕ್ಕೆ ಒಂದು ರೂಪಾಯಿಯ ಟಿಕೆಟ್ಟನ್ನೂ ಪರಿಚಯಿಸಿತು. ಆ ರೂಪಾಯಿ ಮೂಲದರ ಮಾತ್ರ. ತೆರಿಗೆ, ಶುಲ್ಕಗಳು ಅದರ ಮೇಲೆ. ಸೀಟುಗಳೂ ಕೆಲವೇ. 2005ರಲ್ಲಿ ಸ್ಪೈಸ್‌ಜೆಟ್ 99 ರೂಪಾಯಿಯ ದರದೊಂದಿಗೆ ಕಣಕ್ಕಿಳಿಯಿತು. 2014ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ 1 ರೂಪಾಯಿ ಮೂಲದರದ ಕೊಡುಗೆ ಪ್ರಕಟಿಸಿದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ನಿಲ್ಲಿಸುವಂತೆ ಸೂಚಿಸಿತು. ಏರ್ ಡೆಕ್ಕನ್ ಅಷ್ಟರಲ್ಲಿ ಕಿಂಗ್‌ಫಿಷರ್ ಪಾಲಾಗಿ ಹೆಸರೂ ಉಳಿದಿರಲಿಲ್ಲ. ಮೂಲದರವನ್ನಷ್ಟೇ ದೊಡ್ಡ ಅಕ್ಷರದಲ್ಲಿ ಕೂಗುವ ಅಭ್ಯಾಸ ಮಾತ್ರ ಇಡೀ ಉದ್ಯಮಕ್ಕೆ ಅಂಟಿಕೊಂಡಿತು.

ಮಂಡಕಳ್ಳಿಯ ಪಾಠ

ಮಂಡಕಳ್ಳಿ ನಿಲ್ದಾಣ ಹೊಸ ರೂಪದಲ್ಲಿ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಆರಂಭಿಸಿತು, ಮರುವರ್ಷ ನವೆಂಬರಿನಲ್ಲಿ ನಿಲ್ಲಿಸಿತು. ರನ್‌ವೇ ಉದ್ದ 1,740 ಮೀಟರ್. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನಕ್ಕೆ ಅದು ಸಾಕು, ದೊಡ್ಡ ಜೆಟ್ ವಿಮಾನಕ್ಕೆ ಸಾಲದು. ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯಡಿ 2017ರ ಸೆಪ್ಟೆಂಬರಿನಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿದಾಗ ಮತ್ತೆ ಆಸೆ ಚಿಗುರಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರಿಗೆ ಸೇವೆ ತಂದಿತು. ಹಲವು ಊರುಗಳಿಗೆ ಶುರುವಾದ ಹಾರಾಟಗಳು ಒಂದೊಂದಾಗಿ ನಿಂತು, ಇತ್ತೀಚಿನ ವರ್ಷಗಳಲ್ಲಿ ಹೈದರಾಬಾದ್, ಚೆನ್ನೈ ಕಡೆಯ ಇಂಡಿಗೊ ಸೇವೆಯೇ ಮುಖ್ಯ ಆಸರೆ.

ಉಡಾನ್ ಯೋಜನೆ ಜನರ ಬಾಯಲ್ಲಿ ‘2,500 ರೂಪಾಯಿಗೆ ವಿಮಾನ’ ಎಂದೇ ಹೆಸರಾಯಿತು. ಪೂರ್ತಿ ವಾಕ್ಯ ಹೀಗಿತ್ತು: ಸುಮಾರು 500 ಕಿಲೋಮೀಟರ್ ಅಥವಾ ಒಂದು ಗಂಟೆಯ ಹಾರಾಟಕ್ಕೆ, ವಿಮಾನದ ಅರ್ಧದಷ್ಟು ಸೀಟುಗಳಿಗೆ ಮಾತ್ರ, ಮಿತಿದರ ಸುಮಾರು 2,500 ರೂಪಾಯಿ. ಉಳಿದರ್ಧ ಸೀಟಿಗೆ ಮಾರುಕಟ್ಟೆಯ ದರ. ನಷ್ಟ ತುಂಬಿಕೊಡುವ ಸಹಾಯಧನಕ್ಕೆ ಮೂರು ವರ್ಷದ ಗಡುವು. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಆಮೇಲೂ ನಡೆಯುತ್ತಿದ್ದವು 54. ಸರ್ಕಾರವೂ ತನ್ನ ಯೋಜನೆಯ ದರವನ್ನು ಷರತ್ತಿನ ಸಮೇತ ಹೇಳಬೇಕಿತ್ತು. ಅರ್ಧ ವಾಕ್ಯ ಕೇಳಿ ಸೀಟು ಹುಡುಕಿದವರಿಗೆ ಸಿಕ್ಕಿದ್ದು ಉಳಿದರ್ಧದ ದರ.

ಮಂಡಕಳ್ಳಿಯಲ್ಲಿ ಬೇಕಾದ ವಿಮಾನ ಸಿಗದಾಗ ದೇವನಹಳ್ಳಿಯ ದಾರಿಯೇ ಗತಿ. ಮೈಸೂರಿನಿಂದ ಅಲ್ಲಿಗೆ ಸುಮಾರು 180 ಕಿಲೋಮೀಟರ್. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಆದರೆ ಅದನ್ನು ಹಿಡಿಯಲು ಮೊದಲು ಮೈಸೂರು ತಲುಪಬೇಕು. ಅತಿ ಅಗ್ಗದ ಟಿಕೆಟ್ಟುಗಳು ಹೆಚ್ಚಾಗಿ ಬೆಳಗಿನ ಜಾವದ ಅಥವಾ ನಡುರಾತ್ರಿಯ ವಿಮಾನಗಳಲ್ಲೇ ಸಿಗುತ್ತವೆ. ಬೆಳಗ್ಗೆ ಐದೂವರೆಯ ವಿಮಾನಕ್ಕೆ ತಿ. ನರಸೀಪುರದವರು ಹಿಂದಿನ ರಾತ್ರಿಯೇ ಬಾಡಿಗೆ ಕಾರು ಮಾಡಬೇಕು. ಇದು ವಿಮಾನ ಸಂಸ್ಥೆ ಮುಚ್ಚಿಟ್ಟ ಶುಲ್ಕವೇನಲ್ಲ. ಆದರೆ ಟಿಕೆಟ್ಟಿನ ಬೆಲೆಯಲ್ಲೇ ಅನಿಶ್ಚಯವಿದ್ದರೆ, ಇಷ್ಟು ದೂರದಿಂದ ಹೊರಡುವವರ ಲೆಕ್ಕ ಬುಡದಿಂದಲೇ ತಪ್ಪುತ್ತದೆ. ಹಳ್ಳಿಗಾಡಿನ ಪ್ರಯಾಣಿಕನಿಗೆ ಪೂರ್ತಿ ಬೆಲೆ ಮೊದಲೇ ತಿಳಿಯುವುದು ನಗರದವನಿಗಿಂತಲೂ ಹೆಚ್ಚು ಅಗತ್ಯ.

ಪರದೆಯ ಮೇಲೆ ನಡೆಯುವುದು

ನಂಜನಗೂಡಿನ ವಯಸ್ಸಾದ ದಂಪತಿ ಬೆಂಗಳೂರಿನಿಂದ ವಾರಾಣಸಿಗೆ ಹೋಗಿಬರಬೇಕು ಎಂದಿಟ್ಟುಕೊಳ್ಳಿ. ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರಿನಲ್ಲಿ ಬುಕಿಂಗ್. ಲೆಕ್ಕ ಸುಲಭವಾಗಲೆಂದು ತಲಾ ಒಂದು ಹಾದಿಗೆ 3,600 ರೂಪಾಯಿ ಎಂದು ಹಿಡಿಯೋಣ. ಹೋಗಿಬರುವುದಕ್ಕೆ ಇಬ್ಬರಿಗೆ 14,400. ಹೆಸರು, ವಯಸ್ಸು ತುಂಬಿದ ಮೇಲೆ ಸೀಟಿನ ನಕ್ಷೆ ತೆರೆದುಕೊಳ್ಳುತ್ತದೆ. ಒಂದೊಂದು ಚೌಕದ ಮೇಲೂ ಒಂದೊಂದು ದರ. ‘ಮುಂದುವರಿಯಿರಿ’ ಗುಂಡಿ ಗಾಢ ಬಣ್ಣದಲ್ಲಿ. ‘ಸೀಟು ಆಯ್ಕೆ ಬೇಡ’ ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ಗಂಡ ಹೆಂಡತಿ ಬೇರೆ ಬೇರೆ ಕೂರಬೇಕಾಗಬಹುದೆಂಬ ಅಳುಕಿಗೆ ಸೀಟೊಂದಕ್ಕೆ 250ರಂತೆ ನಾಲ್ಕು ಸೀಟಿಗೆ 1,000. ಆಮೇಲೆ ವಿಮೆ: ತಲೆಗೆ 200ರಂತೆ ನಾಲ್ಕು ಹಾದಿಗೆ 800. ಕೊನೆಯಲ್ಲಿ ಹಣ ಕಟ್ಟುವ ಪುಟದಲ್ಲಿ ‘ಅನುಕೂಲ ಶುಲ್ಕ’. ಇದನ್ನು ಪ್ರತಿ ಪ್ರಯಾಣಿಕನಿಗೆ, ಪ್ರತಿ ಹಾದಿಗೆ ಬೇರೆ ಬೇರೆ ಹಾಕುವುದು ರೂಢಿ, 350ರಂತೆ 1,400. ಒಟ್ಟು 17,600 ಆಯಿತು. ಊಟ ಇನ್ನೂ ಸೇರಿಲ್ಲ, ಸೆಂಟರಿನವನ ಕಮಿಷನ್ನೂ ಸೇರಿಲ್ಲ. ಪರದೆಯ ಮೇಲೆ ಇಳಿಯೆಣಿಕೆಯ ಗಡಿಯಾರ ಓಡುತ್ತಿರುತ್ತದೆ, ಹಿಂದೆ ಸರದಿಯಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಕೂತು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಮುಂದಿನ ಪೆಟ್ಟು ನಿಲ್ದಾಣದಲ್ಲಿ. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ ಕೌಂಟರಿನಲ್ಲಿ ಕೊಡುವ ಲಗೇಜು 15 ಕಿಲೋ, ಕೈಚೀಲ 7 ಕಿಲೋ. ಕೈಚೀಲ ಮಾತ್ರ ಒಯ್ಯಬಹುದಾದ ಇನ್ನೂ ಅಗ್ಗದ ಟಿಕೆಟ್ಟಿಗೆ ಡಿಜಿಸಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ ಅಂಥ ‘ಲೈಟ್’ ದರ ತಂದಿತು. ಲ್ಯಾಪ್‌ಟಾಪ್ ಹಿಡಿದು ಒಂದು ದಿನದ ಕೆಲಸಕ್ಕೆ ಹೋಗುವವನಿಗೆ ಇದರಿಂದ ಲಾಭ. ಮಗಳ ಮನೆಗೆ ರಸಬಾಳೆ ಗೊನೆಯ ಒಂದೆರಡು ಚಿಪ್ಪು, ಹಪ್ಪಳ, ಉಪ್ಪಿನಕಾಯಿ, ಹುರಿಹಿಟ್ಟು ಕಟ್ಟಿಕೊಂಡು ಹೊರಟ ತಾಯಿಗೆ ಇದೇ ಬಲೆ. ಅಕ್ಕಪಕ್ಕ ಇರುವ ಎರಡು ದರಗಳಲ್ಲಿ ಕಡಿಮೆಯದನ್ನು ಒತ್ತಿರುತ್ತಾರೆ. ಎಣ್ಣೆ ಜಿನುಗುವ ಉಪ್ಪಿನಕಾಯಿ ಡಬ್ಬಿ, ಹಣ್ಣು ಕೊಯ್ಯಲು ಇಟ್ಟುಕೊಂಡ ಚಾಕು ಕೈಚೀಲದಲ್ಲಿ ಭದ್ರತಾ ತಪಾಸಣೆ ದಾಟುವುದಿಲ್ಲ. ಹಾಗಾಗಿ ಚೀಲವನ್ನು ಕೌಂಟರಿಗೇ ಕೊಡಬೇಕು. ಕೌಂಟರಿನ ದರ ಮನೆಯಲ್ಲೇ ಮುಂಗಡ ಕಟ್ಟುವ ದರಕ್ಕಿಂತ ಹೆಚ್ಚು. ತಕ್ಕಡಿ ಪಕ್ಕದಲ್ಲಿ ಚೀಲ ಬಿಚ್ಚಿ, ಯಾವುದನ್ನು ಬಿಡುವುದು ಯಾವುದನ್ನು ಒಯ್ಯುವುದು ಎಂದು ನೆಲದ ಮೇಲೆ ಕೂತು ವಿಂಗಡಿಸುವ ಹಿರಿಯರನ್ನು ದೇವನಹಳ್ಳಿಯಲ್ಲಿ ಯಾವ ದಿನವೂ ನೋಡಬಹುದು. ಅವರಿಗಾಗುವ ಅವಮಾನ ಯಾವ ರಸೀದಿಯಲ್ಲೂ ನಮೂದಾಗುವುದಿಲ್ಲ.

ಟಿಕೆಟ್ಟನ್ನು ಬಿಡಿಸಿದರೆ

ಟಿಕೆಟ್ಟಿನ ಮೊತ್ತದಲ್ಲಿ ಮೂರು ಬಗೆಯ ಹಣ ಸೇರಿರುತ್ತದೆ. ಮೊದಲನೆಯದು ಸಂಸ್ಥೆಗೆ ಸೇರುವ ಮೂಲದರ ಮತ್ತು ಇಂಧನ ಶುಲ್ಕ. ಎರಡನೆಯದು ಸರ್ಕಾರ ಮತ್ತು ನಿಲ್ದಾಣಗಳಿಗೆ ಸೇರುವ ಹಣ: ವಿಮಾನಯಾನ ಭದ್ರತಾ ಶುಲ್ಕ, ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಪ್ರಾದೇಶಿಕ ಸಂಪರ್ಕ ಶುಲ್ಕ, ಸಾಮಾನ್ಯ ದರ್ಜೆಗೆ ಶೇ 5ರ ಜಿಎಸ್‌ಟಿ. ಮೂರನೆಯದು ಸೀಟು, ಲಗೇಜು, ಊಟ, ವಿಮೆ, ಅನುಕೂಲ ಶುಲ್ಕ ಇತ್ಯಾದಿ. ಇತ್ತೀಚೆಗೆ ಹೆಚ್ಚಿನ ಬುಕಿಂಗ್ ತಾಣಗಳು ಮೊದಲೆರಡನ್ನು ಕೂಡಿಸಿಯೇ ತೋರಿಸುತ್ತವೆ. ಅದು ಸುಧಾರಣೆಯೇ. ಮೂರನೆಯದರಲ್ಲಿ ತಪ್ಪಿಸಿಕೊಳ್ಳಲಾಗದ ಭಾಗವೂ ಕೊನೆಯ ಪುಟಕ್ಕೆ ಉಳಿದಿದೆ ಎಂಬುದೇ ತಕರಾರು. ಆನ್‌ಲೈನಿನಲ್ಲಿ ಹಣ ಕಟ್ಟದೆ ಆನ್‌ಲೈನ್ ಟಿಕೆಟ್ಟು ಸಿಗುವುದಿಲ್ಲವಾದರೆ, ಹಣ ಕಟ್ಟುವ ‘ಅನುಕೂಲ’ಕ್ಕೆ ಹಾಕುವ ಶುಲ್ಕ ದರದ ಭಾಗವೇ ಹೊರತು ಐಚ್ಛಿಕ ಸೇವೆಯಲ್ಲ.

ಈ ವಿಂಗಡಣೆಗೆ ಜನರ ಗಮನಕ್ಕೆ ಬಾರದ ಇನ್ನೊಂದು ಪರಿಣಾಮವಿದೆ. ವಿಮಾನ ರದ್ದಾದರೆ ಪರಿಹಾರ ಎಷ್ಟೆಂಬುದಕ್ಕೆ ಡಿಜಿಸಿಎ ನಿಯಮವಿದೆ. ಸರಿಯಾದ ಮುನ್ಸೂಚನೆ ಕೊಡದೆ, ಸಂಸ್ಥೆಯದೇ ಕಾರಣದಿಂದ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ. ಇಲ್ಲವೆ ಒಂದು ಹಾದಿಯ ಮೂಲದರ ಮತ್ತು ಇಂಧನ ಶುಲ್ಕ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಎಂದರೆ ಟಿಕೆಟ್ಟಿನಲ್ಲಿ ಮೂಲದರ ಕಡಿಮೆಯಿದ್ದಷ್ಟೂ ಪರಿಹಾರವೂ ಕಡಿಮೆ. ಹಣವನ್ನು ಸೀಟು, ಲಗೇಜು, ಅನುಕೂಲ ಶುಲ್ಕಗಳಿಗೆ ಹಂಚಿದಷ್ಟೂ ಪ್ರಯಾಣಿಕನ ಹಕ್ಕು ಸವೆಯುತ್ತದೆ. ಪ್ರಯಾಣಿಕನೇ ರದ್ದು ಮಾಡಿದಾಗ ಸಂಸ್ಥೆ ಹಿಡಿಯುವ ಶುಲ್ಕ ಮೂಲದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ ಎಂಬ ರಕ್ಷಣೆ ಇದೆ ನಿಜ. ಅಗ್ಗದ ಟಿಕೆಟ್ಟಿನಲ್ಲಿ ಆ ಮಿತಿಯೊಳಗೇ ಮೂಲದರ ಪೂರ್ತಿ ಕೊಚ್ಚಿಹೋಗುತ್ತದೆ.

ಇಷ್ಟಾದರೂ ಎರಡನೆಯ ಬಗೆಯ ಹಣ ಪ್ರಯಾಣಿಕನದೇ. ಟಿಕೆಟ್ಟು ರದ್ದಾಗಲಿ, ವಿಮಾನ ತಪ್ಪಿಹೋಗಲಿ, ‘ಹಣ ವಾಪಸಿಲ್ಲ’ ಎಂಬ ಷರತ್ತಿನ ಕೊಡುಗೆ ಟಿಕೆಟ್ಟೇ ಆಗಿರಲಿ, ಶಾಸನಬದ್ಧ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಹಿಂತಿರುಗಿಸಲೇಬೇಕು. ಅದಕ್ಕೆ ಸಂಸ್ಕರಣಾ ಶುಲ್ಕ ಹಾಕುವಂತಿಲ್ಲ. ಹಣದ ಬದಲು ಮುಂದಿನ ಪ್ರಯಾಣದ ಜಮೆ ಸಾಕೇ ಎಂದು ತೀರ್ಮಾನಿಸುವವನು ಪ್ರಯಾಣಿಕ, ಸಂಸ್ಥೆಯಲ್ಲ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ವಾಪಸು ಮಾಡುವ ಹೊಣೆ ಸಂಸ್ಥೆಯದೇ. ನಮ್ಮ ಊರುಗಳಲ್ಲಿ ವಿಮಾನ ತಪ್ಪಿದವರು ‘ದುಡ್ಡು ಹೋಯಿತು’ ಎಂದು ಕೈತೊಳೆದುಕೊಳ್ಳುತ್ತಾರೆ. ಕೇಳಿದರೆ ಬರುವ ಹಣವಿದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಾನೂನಿಗೆ ಬರವಿಲ್ಲ

ವಿಮಾನ ದರವನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಸಂಕಟದ ಕಾಲದಲ್ಲಿ ಮಧ್ಯೆ ಬಂದದ್ದುಂಟು. ಕೋವಿಡ್ ವೇಳೆ, 2020ರ ಮೇಯಿಂದ 2022ರ ಆಗಸ್ಟ್‌ವರೆಗೆ, ದರಪಟ್ಟಿ ಇತ್ತು. 2025ರ ಡಿಸೆಂಬರಿನಲ್ಲಿ ಇಂಡಿಗೊ ಹಾರಾಟಗಳು ದೊಡ್ಡ ಪ್ರಮಾಣದಲ್ಲಿ ರದ್ದಾಗಿ ಉಳಿದ ಟಿಕೆಟ್ಟುಗಳ ಬೆಲೆ ಏರಿದಾಗ, 500 ಕಿಲೋಮೀಟರ್‌ವರೆಗೆ 7,500, ದೂರದ ಮಾರ್ಗಗಳಿಗೆ 18,000 ರೂಪಾಯಿಯವರೆಗೆ ಮಿತಿ ಹಾಕಲಾಯಿತು. ಅದೇ ವರ್ಷದ ಆರಂಭದ ಕುಂಭದ ಕಾಲವನ್ನು ತಿ. ನರಸೀಪುರದವರು ಮರೆತಿರಲಾರರು. ಫೆಬ್ರುವರಿ 10ರಿಂದ 12ರವರೆಗೆ ಇಲ್ಲಿನ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯುತ್ತಿದ್ದಾಗ ಅತ್ತ ಪ್ರಯಾಗರಾಜದಲ್ಲಿ ಮಹಾಕುಂಭ. ಅಲ್ಲಿಗೆ ವಿಮಾನ ದರ ಎಷ್ಟು ಏರಿತೆಂದರೆ, ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರೇ ಆಕ್ಷೇಪ ಎತ್ತಿದರು. ದರ ತಗ್ಗಿಸುವಂತೆ ಡಿಜಿಸಿಎ ಸಂಸ್ಥೆಗಳಿಗೆ ಹೇಳಬೇಕಾಯಿತು. ಆದರೆ ದರಮಿತಿ ತುರ್ತಿನ ಮದ್ದು. ದಿನನಿತ್ಯದ ಕಾಯಿಲೆಗೆ ಬೇಕಾದ ಮದ್ದು ಪಾರದರ್ಶಕತೆ.

ಅದಕ್ಕೆ ನಿಯಮಗಳಿವೆ. ಪ್ರಕಟಿಸುವ ದರದಲ್ಲಿ ಪ್ರಯಾಣಿಕ ಕೊಡಬೇಕಾದ ಒಟ್ಟು ಮೊತ್ತವೂ, ದರ, ತೆರಿಗೆ, ಶುಲ್ಕಗಳ ವಿವರವೂ ಇರಬೇಕೆಂದು 1937ರ ವಿಮಾನ ನಿಯಮಗಳ 135ನೆಯ ನಿಯಮ ಹೇಳುತ್ತದೆ. ಇಷ್ಟದ ಸೀಟು, ಊಟ, ಲಾಂಜ್, ಲಗೇಜು, ಕ್ರೀಡಾ ಸಾಮಗ್ರಿ, ವಾದ್ಯಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಡಿಜಿಸಿಎ ಅನುಮತಿ ಕೊಟ್ಟಿದೆ. ಆದರೆ ಪ್ರಯಾಣಿಕ ತಾನಾಗಿ ‘ಬೇಕು’ ಎಂದರೆ ಮಾತ್ರ. ಮೊದಲೇ ಟಿಕ್ ಹಾಕಿಟ್ಟು ‘ಬೇಡವಾದರೆ ತೆಗೆಯಿರಿ’ ಎನ್ನುವಂತಿಲ್ಲ. ಕುಡಿಯುವ ನೀರಿಗೆ ದುಡ್ಡು ಕೇಳುವಂತಿಲ್ಲ. ನಿಲ್ದಾಣದ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ಹಣ ಪಡೆಯಬಾರದೆಂದು ವಿಮಾನಯಾನ ಸಚಿವಾಲಯ 2022ರ ಜುಲೈಯಲ್ಲಿ ಸ್ಪಷ್ಟಪಡಿಸಿತು. 12 ವರ್ಷದೊಳಗಿನ ಮಗುವಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂಬುದು 2024ರ ಸೂಚನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪ್ರಾಧಿಕಾರದ 2022ರ ಮಾರ್ಗಸೂಚಿ ನಮ್ಮಂಥ ಊರುಗಳಿಗೆ ಬಹಳ ಮುಖ್ಯ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು. ಎಂದರೆ ದರ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಎಂಬ ಆಟ ನಡೆಯಕೂಡದು. ಬೆರಳೆಣಿಕೆಯ ಸೀಟು ಇಟ್ಟುಕೊಂಡು ಊರಿಗೆಲ್ಲ ಡಂಗುರ ಸಾರುವ ಆಮಿಷದ ಜಾಹೀರಾತಿಗೂ ಅದರಲ್ಲಿ ಕಡಿವಾಣವಿದೆ. 2023ರ ನವೆಂಬರ್ 30ರ ಮತ್ತೊಂದು ಮಾರ್ಗಸೂಚಿ ‘ಡಾರ್ಕ್ ಪ್ಯಾಟರ್ನ್’ ಎಂಬ 13 ಬಗೆಯ ಪರದೆ ತಂತ್ರಗಳನ್ನು ನಿಷೇಧಿಸಿತು. ಅದರ ಉದಾಹರಣೆಗಳಲ್ಲಿ ಹಲವು ವಿಮಾನ ಟಿಕೆಟ್ಟಿನವೇ: ಕೇಳದೆ ವಿಮೆ ಸೇರಿಸುವುದು, ವಿಮೆ ಬೇಡವೆಂದವನಿಂದ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬ ಗುಂಡಿ ಒತ್ತಿಸಿ ಅಳುಕು ಹುಟ್ಟಿಸುವುದು, ಒಂದು ಮೊತ್ತ ತೋರಿಸಿ ಹಣ ಕಟ್ಟುವಾಗ ಹೆಚ್ಚು ಪಡೆಯುವುದು.

ಆದರೂ ಏಕೆ ನಡೆಯುತ್ತಿದೆ?

ಮೊದಲ ಕಾರಣ, ಹೊಣೆ ಹಂಚಿಹೋಗಿದೆ. ವಿಮಾನ ಸಂಸ್ಥೆ ಡಿಜಿಸಿಎ ಕೈಕೆಳಗೆ. ಜಾಹೀರಾತು, ಪರದೆ ತಂತ್ರಗಳು ಗ್ರಾಹಕ ಪ್ರಾಧಿಕಾರದ ಪಾಲು. ನಿಲ್ದಾಣದ ಶುಲ್ಕ ಮತ್ತೊಂದು ನಿಯಂತ್ರಣ ಪ್ರಾಧಿಕಾರದ್ದು. ಬುಕಿಂಗ್ ಆ್ಯಪ್ ಇನ್ನೊಬ್ಬರದ್ದು. ದೂರು ಕೊಟ್ಟವನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾನೆ. ಎರಡನೆಯದು, ನಷ್ಟ ತಲೆಗೆ ಕೆಲವು ನೂರು ರೂಪಾಯಿ. ಅಷ್ಟಕ್ಕಾಗಿ ದೂರು ಬರೆಯುವವರು ವಿರಳ, ಆದರೆ ಕೋಟಿಗಟ್ಟಲೆ ಪ್ರಯಾಣಿಕರ ಲೆಕ್ಕದಲ್ಲಿ ಅದು ದೊಡ್ಡ ಹಣ. ಮೂರನೆಯದು, ಪೈಪೋಟಿ ಕುಗ್ಗಿದೆ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದ ಮೇಲೆ ದೇಶದೊಳಗಿನ ಪ್ರಯಾಣಿಕರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಒಂದೇ ಸಂಸ್ಥೆಯ ವಿಮಾನ ಹತ್ತುತ್ತಾರೆ. ಬೇಸರವಾದರೂ ಬಿಟ್ಟು ಹೋಗುವುದೆಲ್ಲಿಗೆ?

ನಾಲ್ಕನೆಯದು ನಮ್ಮ ತಾಲ್ಲೂಕುಗಳಿಗೆ ಹತ್ತಿರದ ಕಾರಣ. ಟಿಕೆಟ್ಟು ಮಾಡಿಸುವವನು ಮತ್ತು ಪ್ರಯಾಣ ಮಾಡುವವನು ಇಲ್ಲಿ ಬೇರೆ ಬೇರೆ. ಬುಕಿಂಗ್ ಪುಟ ಬಹುತೇಕ ಇಂಗ್ಲಿಷಿನಲ್ಲಿ. ಸೆಂಟರಿನವರು ತಮ್ಮದೇ ಫೋನ್ ನಂಬರು, ಇಮೇಲ್ ಕೊಟ್ಟಿರುತ್ತಾರೆ. ಸಮಯ ಬದಲಾದ ಸಂದೇಶ, ವಾಪಸು ಬಂದ ಹಣ, ಷರತ್ತುಗಳ ಪಟ್ಟಿ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಪ್ರಯಾಣಿಕನ ಕೈಗೆ ಬರುವುದು ಒಂದು ಹಾಳೆಯ ಪ್ರಿಂಟ್. ಅದರಲ್ಲಿ ತಾನು ಏನೇನಕ್ಕೆ ಒಪ್ಪಿದ್ದೇನೆ ಎಂಬುದು ಅವನಿಗೆ ತಿಳಿಯದು, ಏಕೆಂದರೆ ಒಪ್ಪಿದವನು ಅವನಲ್ಲ.

ಸಂಸ್ಥೆಗಳ ವಾದ

ವಿಮಾನ ಸಂಸ್ಥೆಗಳ ಮಾತಿನಲ್ಲೂ ತೂಕವಿದೆ. ವಿಮಾನ ಇಂಧನ ಇನ್ನೂ ಜಿಎಸ್‌ಟಿ ವ್ಯಾಪ್ತಿಗೆ ಬಂದಿಲ್ಲ; ರಾಜ್ಯಗಳ ಮಾರಾಟ ತೆರಿಗೆ ಅದರ ಮೇಲಿದೆ. ವಿಮಾನಗಳ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಬೇಕು. ಮುಚ್ಚಿಹೋದ ಸಂಸ್ಥೆಗಳ ಪಟ್ಟಿ ನೋಡಿದರೆ ಇದು ಸುಲಭದ ವ್ಯಾಪಾರವಲ್ಲ ಎಂಬುದು ಯಾರಿಗೂ ತಿಳಿಯುತ್ತದೆ. ಸೇವೆಗಳನ್ನು ಬಿಡಿಸಿ ಮಾರುವುದರಿಂದ, ಲಗೇಜಿಲ್ಲದವನು ಲಗೇಜಿದ್ದವನ ಖರ್ಚು ಹೊರುವುದು ತಪ್ಪುತ್ತದೆ ಎಂಬ ವಾದವೂ ಸರಿಯೇ.

ಈ ಯಾವ ಕಷ್ಟವೂ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಲು ಅಡ್ಡಿಯಾಗುವುದಿಲ್ಲ. ನಿಜವಾದ ಅಡ್ಡಿ ಬೇರೆ. ಒಂದು ಸಂಸ್ಥೆ ತಾನಾಗಿ ಪೂರ್ತಿ ಬೆಲೆ ತೋರಿಸಿ, ಪಕ್ಕದ ಸಂಸ್ಥೆ ಅರ್ಧ ಬೆಲೆ ತೋರಿಸಿದರೆ, ದರ ಹೋಲಿಸುವ ಆ್ಯಪ್‌ಗಳಲ್ಲಿ ಪ್ರಾಮಾಣಿಕ ಸಂಸ್ಥೆಯೇ ಕೆಳಗೆ ಬೀಳುತ್ತದೆ. ಆದ್ದರಿಂದ ಇದು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ. ಎಲ್ಲರಿಗೂ ಒಂದೇ ದಿನದಿಂದ ಒಂದೇ ನಿಯಮ ಜಾರಿಯಾದರೆ ಪ್ರಯಾಣಿಕನಿಗೂ ನ್ಯಾಯ, ಸರಿಯಾಗಿ ನಡೆಯುವ ಸಂಸ್ಥೆಗೂ ನ್ಯಾಯ.

ಹೊರದೇಶಗಳು ಈ ದಾರಿ ಹಿಡಿದಿವೆ. ತಪ್ಪಿಸಿಕೊಳ್ಳಲಾಗದ ಎಲ್ಲ ತೆರಿಗೆ, ಶುಲ್ಕ ಸೇರಿದ ಅಂತಿಮ ದರವನ್ನೇ ಎಲ್ಲ ಹಂತದಲ್ಲೂ ತೋರಿಸಬೇಕೆಂದು ಐರೋಪ್ಯ ಒಕ್ಕೂಟ 2008ರಲ್ಲಿ ನಿಯಮ ಮಾಡಿತು. ಅಮೆರಿಕದಲ್ಲಿ 2012ರ ಜನವರಿಯಿಂದ ಜಾಹೀರಾತಿನ ದರ ತೆರಿಗೆ ಸಮೇತ ಇರಬೇಕು. ಅಲ್ಲಿನ ಅಗ್ಗದ ಸಂಸ್ಥೆಗಳು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಸೋತವು. ಕಾರ್ಡ್ ಶುಲ್ಕವನ್ನು ಬುಕಿಂಗಿನ ಕೊನೆಯಲ್ಲಿ ಸೇರಿಸಿದ್ದಕ್ಕೆ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ 2017ರಲ್ಲಿ ಜೆಟ್‌ಸ್ಟಾರ್ ಮತ್ತು ವರ್ಜಿನ್ ಸಂಸ್ಥೆಗಳಿಗೆ ದಂಡ ಹಾಕಿತು. ಕೈಚೀಲಕ್ಕೆ ಶುಲ್ಕ ಪಡೆದದ್ದೂ ಸೇರಿದಂತೆ ಹಲವು ತಪ್ಪುಗಳಿಗಾಗಿ ಸ್ಪೇನ್ ಸರ್ಕಾರ 2024ರಲ್ಲಿ ಐದು ಸಂಸ್ಥೆಗಳಿಗೆ ಒಟ್ಟು 17.9 ಕೋಟಿ ಯೂರೊ ದಂಡ ವಿಧಿಸಿತು. ಎಲ್ಲ ಕಡೆ ಅಗ್ಗದ ವಿಮಾನಗಳು ಈಗಲೂ ಹಾರುತ್ತಿವೆ. ಪೂರ್ತಿ ಬೆಲೆ ಹೇಳಿದರೆ ಉದ್ಯಮ ಮುಳುಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಮಾಡಬಹುದಾದದ್ದು, ಆಗಬೇಕಾದದ್ದು

ಪ್ರಯಾಣಿಕ ಇವತ್ತೇ ಮಾಡಬಹುದಾದ ಕೆಲಸಗಳಿವೆ. ಸೆಂಟರಿನಲ್ಲಿ ಟಿಕೆಟ್ಟು ಮಾಡಿಸಿದರೂ ತನ್ನ ಅಥವಾ ಮಕ್ಕಳ ಫೋನ್ ನಂಬರನ್ನೇ ಕೊಡಬೇಕು. ‘ಒಟ್ಟು ಎಷ್ಟು, ಎಷ್ಟು ಕಿಲೋ ಲಗೇಜು’ ಎಂದು ಕೇಳಿದ ಮೇಲೆಯೇ ಹಣ ಕೊಡಬೇಕು. ವಿಮೆ, ಸೀಟು ಬೇಡವಾದರೆ ‘ಬೇಡ’ ಎಂದು ಬಾಯಿಬಿಟ್ಟು ಹೇಳಬೇಕು. ಸೀಟು ಆರಿಸದಿದ್ದರೂ ಕೌಂಟರಿನಲ್ಲಿ ಯಾವುದಾದರೊಂದು ಸೀಟು ಉಚಿತವಾಗಿ ಸಿಗುತ್ತದೆ. ಲಗೇಜನ್ನು ಮನೆಯಲ್ಲೇ ತೂಕ ಮಾಡಿ, ಹೆಚ್ಚಿದ್ದರೆ ಮುಂಗಡವಾಗಿ ಕಟ್ಟುವುದು ಅಗ್ಗ. ಮೊದಲ ಪುಟದ ಮತ್ತು ಕೊನೆಯ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಅದೇ ಸಾಕ್ಷ್ಯ. ವಾರಕ್ಕಿಂತ ಮುಂಚೆ ಮಾಡಿಸಿದ ಟಿಕೆಟ್ಟನ್ನು 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಮಾಡಬಹುದೆಂಬ ನಿಯಮ 2025ರಲ್ಲಿ ಇತ್ತು. ಅದನ್ನು 48 ಗಂಟೆಗೆ ಏರಿಸುವ ಕರಡನ್ನು ಡಿಜಿಸಿಎ 2025ರ ನವೆಂಬರಿನಲ್ಲಿ ಹೊರಡಿಸಿತು.

ಅನ್ಯಾಯವಾದರೆ ದೂರಿನ ದಾರಿ ಜನ ಅಂದುಕೊಂಡಷ್ಟು ದೂರವಿಲ್ಲ. 1915 ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು. ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ತಾಣವಿದೆ. ಸಂಸ್ಥೆಯ ಮುಖ್ಯ ಕಚೇರಿ ಎಲ್ಲೇ ಇರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ನಂಜನಗೂಡು, ತಿ. ನರಸೀಪುರದವರು ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ವಕೀಲರು ಕಡ್ಡಾಯವಲ್ಲ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು ಅಷ್ಟೆ. ನಾಲ್ಕು ನೂರು ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವುದು ಸಣ್ಣತನವಲ್ಲ. ಒಬ್ಬರಿಗೆ ಸಿಕ್ಕ ತೀರ್ಪು ನೂರು ಜನರಿಗೆ ದಾರಿಯಾಗುತ್ತದೆ.

ಆದರೆ ಎಚ್ಚರದ ಭಾರವನ್ನೆಲ್ಲ ಪ್ರಯಾಣಿಕನ ತಲೆಗೇ ಹೊರಿಸುವುದು ನ್ಯಾಯವಲ್ಲ. ಖಾಸಗಿ ಸಂಸ್ಥೆಗಳ ದರ ಮತ್ತು ಹೆಚ್ಚುವರಿ ಶುಲ್ಕಗಳ ಬಗ್ಗೆ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ. ತೀರ್ಪು ಬರುವವರೆಗೂ ಸರ್ಕಾರ ಕಾಯಬೇಕಾಗಿಲ್ಲ. ಅನುಕೂಲ ಶುಲ್ಕವೂ ಸೇರಿದ ಅಂತಿಮ ಮೊತ್ತ ಮೊದಲ ಪರದೆಯಲ್ಲೇ ಬರಲಿ, ಅದರ ಪಕ್ಕದಲ್ಲೇ ಎಷ್ಟು ಕಿಲೋ ಲಗೇಜು ಸೇರಿದೆ ಎಂದು ಬರೆದಿರಲಿ. ‘ಇಷ್ಟರಿಂದ ಆರಂಭ’ ಎನ್ನುವ ಜಾಹೀರಾತು, ಆ ದರಕ್ಕೆ ಎಷ್ಟು ಸೀಟು, ಯಾವ ದಿನಾಂಕಗಳಲ್ಲಿ ಎಂಬುದನ್ನೂ ಹೇಳಲಿ. ಪರಿಹಾರವನ್ನು ಮೂಲದರದ ಬದಲು ಪ್ರಯಾಣಿಕ ಕೊಟ್ಟ ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಲಿ. ವಿಮಾನ ತಪ್ಪಿದವರ ತೆರಿಗೆ ಹಣ ಕೇಳದೆಯೇ ಖಾತೆಗೆ ಹಿಂದಿರುಗಲಿ. ಕರ್ನಾಟಕದಿಂದ ಹಾರುವ ವಿಮಾನಗಳ ಶುಲ್ಕಪಟ್ಟಿ, ಷರತ್ತುಗಳು ಕನ್ನಡದಲ್ಲಿ ಸಿಗಲಿ.

ಇವುಗಳಲ್ಲಿ ಯಾವುದಕ್ಕೂ ದರ ಇಳಿಸಬೇಕಾಗಿಲ್ಲ, ಸರ್ಕಾರದ ಬೊಕ್ಕಸದಿಂದ ರೂಪಾಯಿ ಹೋಗಬೇಕಾಗಿಲ್ಲ. ಒಟ್ಟು ಮೊತ್ತ ಹೇಳಬೇಕೆಂಬ ನಿಯಮ ಪುಸ್ತಕದಲ್ಲಿ ಆಗಲೇ ಇದೆ. ಅದನ್ನು ಮುರಿದವರಿಗೆ ದಂಡ ಬೀಳುತ್ತದೆಂಬ ಖಾತ್ರಿ ಮಾತ್ರ ಇಲ್ಲ. ಡಿಜಿಸಿಎ ಮತ್ತು ಗ್ರಾಹಕ ಪ್ರಾಧಿಕಾರ ಕೂಡಿ ಒಂದು ದಿನಾಂಕ ಗೊತ್ತುಮಾಡಿ, ಅಂದಿನಿಂದ ಪೂರ್ತಿ ಬೆಲೆ ತೋರಿಸದ ಪುಟಕ್ಕೆ ದಂಡ ಹಾಕಲು ಶುರುಮಾಡಿದರೆ ಸಾಕು. ತನ್ನ ದುಡ್ಡಿಗೆ ಏನು ಸಿಗುತ್ತದೆಂದು ಕೊಳ್ಳುವ ಮುಂಚೆ ತಿಳಿಯುವುದು ಪ್ರಯಾಣಿಕನ ಹಕ್ಕು. ಅದಕ್ಕಾಗಿ ಯಾರೂ ಕೈಮುಗಿದು ಕೇಳಬೇಕಾದ ಸ್ಥಿತಿ ಇರಬಾರದು.